ಕಲ್ಲು, ವಹಿ, ಹಾಡು: ಅಗಲಿದವರನ್ನು ಹಳ್ಳಿಯು ನೆನೆದ ಬಗೆ

ಅರಸರ ಚರಿತ್ರೆಯನ್ನು ಬರೆಯಲು ಆಸ್ಥಾನದಲ್ಲಿ ಕವಿಗಳಿದ್ದರು, ಲಿಪಿಕಾರರಿದ್ದರು, ತಾಮ್ರಶಾಸನಗಳಿದ್ದವು. ಆದರೆ ಉತ್ತು ಬಿತ್ತಿ, ದನ ಕಾಯ್ದು, ಕೆರೆಯ ಏರಿಗೆ ಮಣ್ಣು ಹೊತ್ತು, ಒಂದು ದಿನ ಸದ್ದಿಲ್ಲದೆ ಕಣ್ಣು ಮುಚ್ಚಿದ ಹಳ್ಳಿಯ ಮನುಷ್ಯನ ಚರಿತ್ರೆಯನ್ನು ಬರೆದವರಾರು? ಮೂರು ತಲೆಮಾರು ಕಳೆಯುವಷ್ಟರಲ್ಲಿ ಅವನ ಹೆಸರು ಅವನ ಮರಿಮಕ್ಕಳಿಗೇ ತಿಳಿಯದಂತಾಗುವುದು ಲೋಕರೂಢಿ. ಈ ಮರೆವಿನೆದುರು ಕನ್ನಡ ನಾಡಿನ ಹಳ್ಳಿಗಳು ಸುಮ್ಮನೆ ಕುಳಿತಿರಲಿಲ್ಲ. ಕಲ್ಲು ನಿಲ್ಲಿಸಿದವು, ವಂಶ ಹೇಳುವವರನ್ನು ಸಾಕಿದವು, ಬೀಸುವ ಕಲ್ಲಿನ ಮುಂದೆ ಹಾಡಿದವು. ಈ ಮೂರು ಬಗೆಯ ಸ್ಮರಣೆಯೂ ಯಾರನ್ನು ನೆನೆಯಿತು, ಯಾರನ್ನು ಬಿಟ್ಟಿತು, ಯಾವುದರ ಆಧಾರದಿಂದ ಉಳಿಯಿತು ಎಂಬುದನ್ನು ವಿಚಾರಿಸುವುದು ಈ ಲೇಖನದ ಉದ್ದೇಶ.

ಊರ ಮುಂದಿನ ಕಲ್ಲು

ಕರ್ನಾಟಕದ ಯಾವುದೇ ಹಳೆಯ ಹಳ್ಳಿಗೆ ಹೋದರೂ ಊರಬಾಗಿಲ ಬಳಿಯೋ, ಕೆರೆಯ ಏರಿಯ ಮೇಲೋ, ಹಾಳು ಗುಡಿಯ ಮಗ್ಗುಲಲ್ಲೋ ಒಂದು ವೀರಗಲ್ಲು ಕಣ್ಣಿಗೆ ಬೀಳುವುದು. ಸಾಮಾನ್ಯವಾಗಿ ಅದರಲ್ಲಿ ಮೂರು ಅಂಕಣಗಳಿರುತ್ತವೆ. ಕೆಳಗಿನ ಅಂಕಣದಲ್ಲಿ ವೀರನು ಬಿಲ್ಲನ್ನೋ ಕತ್ತಿಯನ್ನೋ ಹಿಡಿದು ಕಾದುತ್ತಿರುತ್ತಾನೆ. ನಡುವಣ ಅಂಕಣದಲ್ಲಿ ಅಪ್ಸರೆಯರು ಅವನನ್ನು ಎತ್ತಿಕೊಂಡು ಹೋಗುತ್ತಿರುತ್ತಾರೆ. ಮೇಲಿನ ಅಂಕಣದಲ್ಲಿ ಅವನು ಶಿವಲೋಕವನ್ನು ಸೇರಿ ಲಿಂಗದ ಸನ್ನಿಧಿಯಲ್ಲಿ ಕುಳಿತಿರುತ್ತಾನೆ. ತುದಿಯಲ್ಲಿ ಸೂರ್ಯಚಂದ್ರರು, ಅವರು ಇರುವತನಕ ಈ ಹೆಸರೂ ಇರಲಿ ಎಂಬುದು ಅದರ ಭಾವ.

ಈ ವೀರರೆಲ್ಲರೂ ದೊರೆಗಳಿಗಾಗಿ ದೂರದ ರಣರಂಗದಲ್ಲಿ ಮಡಿದವರೆಂದು ಭಾವಿಸುವುದು ತಪ್ಪು. ಶಾಸನಗಳಲ್ಲಿ ಮತ್ತೆ ಮತ್ತೆ ಬರುವ ಮಾತುಗಳು ತುರುಗೋಳ್, ಊರಳಿವು, ಪೆಣ್ಬುಯ್ಯಲ್, ಗಡಿಕಾಳಗ ಎಂಬವು. ತುರುಗೋಳೆಂದರೆ ಕಳ್ಳರು ಅಥವಾ ನೆರೆನಾಡಿನವರು ಊರ ದನಗಳನ್ನು ಹೊಡೆದುಕೊಂಡು ಹೋಗುವುದು. ಊರಳಿವೆಂದರೆ ಊರಿನ ಮೇಲೆ ಬಿದ್ದ ಕೊಳ್ಳೆ. ಪೆಣ್ಬುಯ್ಯಲೆಂದರೆ ಆಪತ್ತಿಗೆ ಸಿಕ್ಕಿದ ಹೆಣ್ಣುಮಕ್ಕಳ ಮೊರೆ. ಆ ಮೊರೆಯನ್ನು ಕೇಳಿ ಓಡಿದವನು, ಹಸುವನ್ನು ಬಿಡಿಸಿಕೊಂಡು ಬರುವಾಗ ಬಾಣ ತಗುಲಿ ಬಿದ್ದವನು ನಿನ್ನೆಯವರೆಗೆ ನೇಗಿಲು ಹಿಡಿದ ಒಕ್ಕಲಿಗನೇ ಆಗಿರಬಹುದು, ದನ ಕಾಯುವ ಗೋವಳನೇ ಆಗಿರಬಹುದು. ಅಕ್ಷರ ಬಾರದವನ ಹೆಸರು ಅಕ್ಷರಕ್ಕೇರಿದ್ದು ಹೀಗೆ. ವೀರಗಲ್ಲುಗಳ ಹಿರಿಮೆ ಇರುವುದು ಇಲ್ಲಿಯೇ.

ಬೆಂಗಳೂರಿನ ಹೆಬ್ಬಾಳದಲ್ಲಿ 2018ರಲ್ಲಿ ದೊರೆತ ಕಿತ್ತಯ್ಯನ ಕಲ್ಲು ಇದಕ್ಕೆ ಒಳ್ಳೆಯ ನಿದರ್ಶನ. ಗಂಗ ದೊರೆ ಶ್ರೀಪುರುಷನ ಆಳಿಕೆಯ, ಕ್ರಿ.ಶ. 750ರ ಸುಮಾರಿನ ಈ ಕಲ್ಲು ರಟ್ಟರ ದಾಳಿಯಲ್ಲಿ ಮಡಿದ ಕಿತ್ತಯ್ಯನೆಂಬವನನ್ನು ನೆನೆಯುತ್ತದೆ. ಪೆರ್ಬೊಳಲ್ನಾಡು ಮೂವತ್ತು ಎಂಬ ಆಡಳಿತ ಘಟಕದ ಹೆಸರನ್ನೂ ಅದು ಉಳಿಸಿಕೊಟ್ಟಿದೆ. ಸಾವಿರದ ಇನ್ನೂರಕ್ಕೂ ಹೆಚ್ಚು ವರುಷ ಮಣ್ಣಿನ ಪಾಲಾಗಿದ್ದ ಹೆಸರು, ಊರು ನಗರವಾಗಿ, ಹೊಲ ಹಾದಿಬೀದಿಯಾಗಿ ಮಾರ್ಪಟ್ಟ ಮೇಲೆ ಮತ್ತೆ ಜನರ ಬಾಯಿಗೆ ಬಂದಿತು. ಊರಿನವರೂ ಶಾಸನಾಸಕ್ತರೂ ಕೂಡಿ ಅದಕ್ಕೊಂದು ಮಂಟಪವನ್ನು ಕಟ್ಟಿಸಿದರು.

ಬೆಂಗಳೂರೆಂಬ ಹೆಸರೂ ಮೊದಲು ಕಾಣಿಸಿಕೊಳ್ಳುವುದು ಒಂದು ಸಾವಿನ ಸ್ಮರಣೆಯಲ್ಲಿಯೇ ಎಂಬುದು ಗಮನಾರ್ಹ. ಬೇಗೂರಿನ ನಾಗೇಶ್ವರ ದೇವಾಲಯದ ಆವರಣದಲ್ಲಿರುವ ಕ್ರಿ.ಶ. 890ರ ಸುಮಾರಿನ ಶಾಸನವು ಬೆಂಗಳೂರಿನ ಕಾಳಗವನ್ನೂ ಅದರಲ್ಲಿ ಮಡಿದ ನಾಗತ್ತರನ ಮಗ ಬುಟ್ಟಣಸೆಟ್ಟಿಯನ್ನೂ ಹೆಸರಿಸುತ್ತದೆ. ಹೊಯ್ಸಳ ಬಲ್ಲಾಳನಿಗೆ ಮುದುಕಿಯೊಬ್ಬಳು ಬೆಂದ ಕಾಳು ಕೊಟ್ಟಳು, ಅದರಿಂದ ಊರಿಗೆ ಬೆಂದಕಾಳೂರೆಂದು ಹೆಸರಾಯಿತು ಎಂಬ ಐತಿಹ್ಯವು ಎಷ್ಟೇ ರಮ್ಯವಾಗಿದ್ದರೂ, ಹೊಯ್ಸಳರು ಪ್ರಬಲರಾಗುವುದಕ್ಕೆ ಮುನ್ನವೇ ಆ ಹೆಸರು ಕಲ್ಲಿನ ಮೇಲೆ ಇದ್ದಿತು. ಮಗನನ್ನು ಕಳೆದುಕೊಂಡ ಮನೆಯೊಂದರ ದುಃಖದಿಂದ ಮಹಾನಗರದ ಚರಿತ್ರೆಗೆ ಸಾಕ್ಷ್ಯ ದೊರೆಯಿತು.

ಕಲ್ಲಿನ ಹಿಂದಿನ ಹೊಲ

ಕಲ್ಲನ್ನು ನಿಲ್ಲಿಸಿದ ಮಾತ್ರಕ್ಕೆ ನೆನಪು ನಿಲ್ಲುವುದಿಲ್ಲವೆಂಬುದನ್ನು ಹಿಂದಿನವರು ಚೆನ್ನಾಗಿ ಅರಿತಿದ್ದರು. ಆದುದರಿಂದ ಕಲ್ಲಿನ ಜೊತೆಗೆ ಒಂದು ತುಂಡು ನೆಲವನ್ನೂ ಕೊಡುತ್ತಿದ್ದರು. ನೆತ್ತರುಕೊಡಗಿ, ಕಲ್ನಾಡು, ಬಾಳ್ಗಚ್ಚು ಎಂಬ ಹೆಸರುಗಳು ಇಂಥ ದತ್ತಿಗಳವು. ನೆತ್ತರು ಸುರಿಸಿದವನ ಮನೆಯವರಿಗೆ ಕೊಟ್ಟ ಭೂಮಿ ನೆತ್ತರುಕೊಡಗಿ. ಬಾಳನ್ನು, ಎಂದರೆ ಕತ್ತಿಯನ್ನು, ತೊಳೆಯುವ ನೆಪದಲ್ಲಿ ಕೊಟ್ಟ ದತ್ತಿ ಬಾಳ್ಗಚ್ಚು. ಸತ್ತವನ ಹೆಂಡತಿ ಮಕ್ಕಳು ಉಣ್ಣಬೇಕು, ಉಂಡವರು ನೆನೆಯಬೇಕು ಎಂಬ ಸರಳವಾದ, ಆದರೆ ಆಳವಾದ ತಿಳಿವಳಿಕೆ ಇದರಲ್ಲಿದೆ.

ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನ ಪ್ರಸಿದ್ಧ ಶಾಸನದಲ್ಲಿ ಈ ಮಾತು ಇನ್ನೂ ಸ್ಪಷ್ಟವಾಗುತ್ತದೆ. ಕ್ರಿ.ಶ. 949ರಲ್ಲಿ ತಕ್ಕೋಲದ ಯುದ್ಧದಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನ ಪಕ್ಷವು ಚೋಳ ರಾಜಾದಿತ್ಯನನ್ನು ಸೋಲಿಸಿ ಕೊಂದಿತು. ಆ ಯುದ್ಧದಲ್ಲಿ ಗಂಗ ಬೂತುಗನ ಪರವಾಗಿ ಕಾದಿದ ಮಣಲೆರನು, ಬೇಕಾದುದನ್ನು ಬೇಡೆಂದು ಒಡೆಯನು ಹೇಳಿದಾಗ, ಕಾಳಿಯೆಂಬ ಬೇಟೆನಾಯಿಯನ್ನು ಬೇಡಿ ಪಡೆದನು. ಮುಂದೆ ಕಾಳಿಯು ದೊಡ್ಡ ಹಂದಿಯೊಂದರೊಡನೆ ಹೋರಾಡಿತು; ಹಂದಿಯೂ ಸತ್ತಿತು, ನಾಯಿಯೂ ಸತ್ತಿತು. ಆ ನಾಯಿಯ ನೆನಪಿಗೆ ಗುಡಿಯ ಮುಂದೆ ಕಲ್ಲು ನಿಲ್ಲಿಸಿ, ಭೂಮಿಯನ್ನು ಬಿಟ್ಟರು. ಸ್ಥಾನವನ್ನು ನೋಡಿಕೊಳ್ಳುವ ಗೊರವನು ಆ ಕಲ್ಲನ್ನು ಪೂಜಿಸದೆ ಉಣ್ಣಬಾರದು, ಉಂಡರೆ ಪಾಪಕ್ಕೆ ಗುರಿಯಾಗುವನು ಎಂಬ ಕಟ್ಟಳೆಯನ್ನೂ ಶಾಸನದಲ್ಲಿ ಬರೆಸಿದರು. ದೊಡ್ಡ ಯುದ್ಧದ ಸುದ್ದಿ, ಅರಸರ ಬಿರುದುಗಳು ಇವೆಲ್ಲವೂ ಆ ಶಾಸನದಲ್ಲಿವೆ. ಆದರೆ ಹಳ್ಳಿಯ ಗೊರವನಿಗೆ ದಿನವೂ ಉಳಿದ ಕೆಲಸ ಒಂದೇ: ಊಟಕ್ಕೆ ಮುನ್ನ ಅಗಲಿದ ಜೀವವನ್ನು ನೆನೆಯುವುದು. ಸ್ಮರಣೆಯನ್ನು ತುತ್ತಿನೊಡನೆ ಕಟ್ಟಿಹಾಕಿದ ಈ ಜಾಣ್ಮೆ ಮೆಚ್ಚತಕ್ಕದ್ದು.

ಹಾಗೆಂದು ಕಲ್ಲಿನ ಸ್ಮರಣೆಗೆ ಕೊರತೆ ಇಲ್ಲದಿಲ್ಲ. ಅದು ಮನುಷ್ಯನ ಬಾಳನ್ನು ನೆನೆಯುವುದಕ್ಕಿಂತ ಅವನ ಸಾವಿನ ಗಳಿಗೆಯನ್ನು ನೆನೆಯುತ್ತದೆ. ಹೆಣ್ಣಿನ ವಿಷಯದಲ್ಲಿ ಈ ಕೊರತೆ ಇನ್ನೂ ಘೋರವಾಗಿದೆ. ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಬೆಳತೂರಿನ ಕ್ರಿ.ಶ. 1057ರ ಶಾಸನವು ದೇಕಬ್ಬೆಯೆಂಬ ಹೆಣ್ಣುಮಗಳ ಕಥೆಯನ್ನು ಹೇಳುತ್ತದೆ. ಗಂಡನಾದ ಏಚನು ಚೋಳ ಅರಸನ ಆಜ್ಞೆಯಿಂದ ಕೊಲ್ಲಲ್ಪಟ್ಟ ಸುದ್ದಿಯನ್ನು ಕೇಳಿ, ತಂದೆತಾಯಿಗಳು ತಡೆದರೂ ಕೇಳದೆ, ಅವಳು ಕೊಂಡವನ್ನು ಹೊಕ್ಕಳು. ಶಾಸನದ ಕಾವ್ಯಗುಣವನ್ನು ವಿದ್ವಾಂಸರು ಮುಕ್ತಕಂಠದಿಂದ ಹೊಗಳಿದ್ದಾರೆ. ಆದರೆ ಬೆಂಕಿಗೆ ಬೀಳದೆ, ಮಕ್ಕಳನ್ನು ಸಾಕಿ, ಹೊಲವನ್ನು ಗೇಯ್ದು, ಮುಪ್ಪಿನಲ್ಲಿ ಸತ್ತ ನೂರಾರು ವಿಧವೆಯರಿಗೆ ಯಾರೂ ಕಲ್ಲು ನಿಲ್ಲಿಸಲಿಲ್ಲ. ಮೇಲಕ್ಕೆತ್ತಿದ, ಬಳೆ ತೊಟ್ಟ ತೋಳನ್ನು ಕೆತ್ತಿದ ಮಾಸ್ತಿಕಲ್ಲುಗಳನ್ನು ಕಂಡಾಗಲೆಲ್ಲ, ಕೆತ್ತದೆ ಉಳಿದ ಆ ತೋಳುಗಳನ್ನೂ ನೆನೆಯಬೇಕಾಗುತ್ತದೆ.

ಹೆಳವನ ವಹಿ

ಕಲ್ಲು ಬಿಟ್ಟವರನ್ನು ಹಿಡಿದಿಟ್ಟವರು ಹೆಳವರು. ಎತ್ತಿನ ಮೇಲೆ ಕುಳಿತು, ಕಾಲುಗಳನ್ನು ಕಂಬಳಿಯಿಂದ ಮುಚ್ಚಿಕೊಂಡು ಹಳ್ಳಿಗೆ ಬರುತ್ತಿದ್ದ ಈ ಅಲೆಮಾರಿಗಳನ್ನು ಉತ್ತರ ಕರ್ನಾಟಕದ ಹಿರಿಯರು ಇಂದಿಗೂ ಬಲ್ಲರು. ಹೆಳವನೆಂದರೆ ಕಾಲಿಲ್ಲದವನು, ಕುಂಟ ಎಂದು ನಿಘಂಟಿನ ಅರ್ಥ. 1909ರಲ್ಲಿ ಪ್ರಕಟವಾದ ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳ ಕುರಿತ ಏಳು ಸಂಪುಟಗಳಲ್ಲಿ ಎಡ್ಗರ್ ಥರ್ಸ್ಟನ್ನರು ಇವರನ್ನು ಹಳ್ಳಿಗಳ ಚರಿತ್ರೆಯನ್ನು ಕಾಯುವವರೆಂದೇ ವರ್ಣಿಸಿದ್ದಾರೆ. ಮನೆಯಿಂದ ಮನೆಗೆ ಹೋಗಿ ಆಯಾ ಮನೆತನದ ವೃತ್ತಾಂತವನ್ನೂ, ಯುದ್ಧದಲ್ಲಿ ಮಡಿದವರ ಹೆಸರುಗಳನ್ನೂ ಇವರು ಹೇಳುತ್ತಿದ್ದರೆಂದು ಅವರು ದಾಖಲಿಸಿದ್ದಾರೆ.

ಹೆಳವರ ಪದ್ಧತಿ ಬಲು ಅಚ್ಚುಕಟ್ಟಾದುದು. ಒಂದೊಂದು ಹೆಳವ ಕುಟುಂಬಕ್ಕೆ ಪರಂಪರೆಯಿಂದ ಬಂದ ಇಂತಿಷ್ಟು ಹಳ್ಳಿಗಳು, ಇಂತಿಷ್ಟು ಮನೆತನಗಳು. ಸುಗ್ಗಿ ಮುಗಿದು ಕಣಜ ತುಂಬಿದ ಮೇಲೆ ಅವರು ಬರುತ್ತಾರೆ. ಮನೆಯ ಮುಂದೆ ನಿಂತು, ಈ ಮನೆತನದ ಮೂಲ ಊರು ಯಾವುದು, ಬೆಡಗು ಯಾವುದು, ಮನೆದೇವರು ಯಾರು, ಬರ ಬಿದ್ದಾಗಲೋ ಜಗಳವಾದಾಗಲೋ ಯಾವ ಹಿರಿಯನು ಮೂಲ ಊರನ್ನು ಬಿಟ್ಟು ಇಲ್ಲಿಗೆ ಬಂದನು, ಅವನಿಗೆ ಮಕ್ಕಳೆಷ್ಟು, ಆ ಮಕ್ಕಳ ಮಕ್ಕಳಾರು ಎಂಬುದನ್ನು ಒಂದೇ ಧಾಟಿಯಲ್ಲಿ ಹೇಳುತ್ತಾರೆ. ಕೊನೆಗೆ ಈ ಸಲ ಹುಟ್ಟಿದ ಮಗುವಿನ ಹೆಸರನ್ನು ಕೇಳಿ ಸೇರಿಸಿಕೊಳ್ಳುತ್ತಾರೆ. ಹಿಂದೆ ತಾಮ್ರದ ತಗಡು, ತಾಳೆಗರಿಗಳಲ್ಲಿದ್ದ ಈ ವಂಶಾವಳಿಗಳು ಆಮೇಲೆ ಕಾಗದದ ವಹಿಗಳಿಗೆ ಇಳಿದವು. ಹೇಳಿದ್ದಕ್ಕೆ ಪ್ರತಿಯಾಗಿ ಕಾಳು, ಬಟ್ಟೆ, ಹಣ, ಉಳ್ಳವರ ಮನೆಯಲ್ಲಿ ಕುರಿಯೋ ಕರುವೋ ದೊರೆಯುತ್ತಿತ್ತು.

ವೀರಗಲ್ಲಿಗೂ ಹೆಳವನ ವಹಿಗೂ ಇರುವ ಭೇದವನ್ನು ಇಲ್ಲಿ ಮನಗಾಣಬೇಕು. ಕಲ್ಲಿನಲ್ಲಿ ಹೆಸರು ಉಳಿಯಬೇಕಾದರೆ ಕಾದಿ ಸಾಯಬೇಕು. ವಹಿಯಲ್ಲಿ ಹೆಸರು ಉಳಿಯಲು ಹುಟ್ಟಿದರೆ ಸಾಕು. ಧೀರನೂ ಅಂಜುಬುರುಕನೂ, ಸಾಲ ಮಾಡಿ ಹೊಲ ಕಳೆದವನೂ ಹೊಲವನ್ನು ಮರಳಿ ಗಳಿಸಿದವನೂ ಅಲ್ಲಿ ಒಂದೇ ಸಾಲಿನಲ್ಲಿ ಕುಳಿತಿರುತ್ತಾರೆ. 1898ರಲ್ಲಿ ಮೈಸೂರು ಸೀಮೆಗೆ ಪ್ಲೇಗು ಕಾಲಿಟ್ಟಿತು. ಹಳ್ಳಿಗಳು ಬರಿದಾಗಿ ಜನರು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡರು. 1918ರಲ್ಲಿ ಇನ್‌ಫ್ಲುಯೆಂಜಾ ಜ್ವರವು ಮನೆಮನೆಗಳನ್ನು ಬರಿದುಮಾಡಿತು. ರೋಗದಿಂದ ಸತ್ತ ಆ ಸಹಸ್ರಾರು ಜನರಿಗೆ ವೀರಗಲ್ಲು ಎಲ್ಲಿಂದ ಬರಬೇಕು? ಬಳ್ಳಿ ಹರಿದ ಮನೆತನಗಳ ಹೆಸರು ಎಲ್ಲಾದರೂ ಉಳಿಯಬಹುದಾಗಿದ್ದರೆ ಅದು ಇಂಥ ವಹಿಗಳಲ್ಲಿಯೇ.

ಮತ್ತೊಂದು ಭೇದವೂ ಉಂಟು. ಕಲ್ಲು ನಿಂತಲ್ಲಿ ನಿಂತಿರುತ್ತದೆ. ಅದನ್ನು ನೆನೆಯಲು ಮನುಷ್ಯನು ಅದರ ಬಳಿಗೆ ಹೋಗಬೇಕು. ಹೆಳವನಾದರೋ ನಡೆದು ಬಂದು ಬಾಗಿಲು ತಟ್ಟಿ ನೆನಪಿಸುತ್ತಾನೆ. ಸ್ಥಾವರ ಜಂಗಮಗಳ ಭೇದವನ್ನು ಬಲ್ಲ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ನಡೆಯುವ ನೆನಪಿಗೆ ದಾರಿಯ ಬುತ್ತಿ ಬೇಕು. ಗೊರವನಿಗೆ ಹೊಲವಿದ್ದಂತೆ ಹೆಳವನಿಗೆ ಸುಗ್ಗಿಯ ಕಾಳು. ಆ ಕಾಳನ್ನು ಭಿಕ್ಷೆಯೆಂದು ಕರೆಯುವುದು ಸಲ್ಲದು. ಅದು ಕಾಯಕಕ್ಕೆ ಸಂದ ಕೂಲಿ.

ಬೀಸುವ ಕಲ್ಲಿನ ಮುಂದೆ

ಹೆಳವನ ವಹಿಯಲ್ಲಿಯೂ ಒಂದು ಕೊರತೆ ಇದೆ. ವಂಶವು ತಂದೆಯಿಂದ ಮಗನಿಗೆ ಹರಿಯುತ್ತದೆಯೆಂಬ ಎಣಿಕೆಯಿಂದ ಹುಟ್ಟಿದ ಆ ಲೆಕ್ಕದಲ್ಲಿ ಗಂಡುಮಕ್ಕಳದೇ ಮೇಲುಗೈ. ಮದುವೆಯಾಗಿ ಬೇರೆ ಊರಿಗೆ ಹೋದ ಮಗಳು ಆ ಬಳ್ಳಿಯಿಂದ ಕಳಚಿ ಬೀಳುತ್ತಾಳೆ. ಅವಳು ತನ್ನವರನ್ನು ನೆನೆದದ್ದು ಬೆಳಗಿನ ಜಾವದಲ್ಲಿ, ಬೀಸುವ ಕಲ್ಲಿನ ಮುಂದೆ.

ವಿಜಯಪುರ ಜಿಲ್ಲೆಯ ಹಲಸಂಗಿಯ ಗೆಳೆಯರ ಬಳಗದವರು ಹಳ್ಳಿಯ ಹೆಣ್ಣುಮಕ್ಕಳ ಬಾಯಿಂದ ಕೇಳಿ ಸಂಗ್ರಹಿಸಿದ ‘ಗರತಿಯ ಹಾಡು’ 1931ರಲ್ಲಿ ಬೆಳಕು ಕಂಡಿತು. ತೀರಿಹೋದ ತಾಯಿ, ತಾಯಿಯಿಲ್ಲದ ತವರು, ಎಳೆತನದಲ್ಲಿ ಕಳೆದುಹೋದ ಕೂಸು, ಜಾತ್ರೆಗೆ ಕರೆಯಲು ಬಾರದ ಅಣ್ಣ ಇವರೆಲ್ಲರೂ ತ್ರಿಪದಿಗಳ ಲೋಕದಲ್ಲಿ ಜೀವ ಪಡೆದಿದ್ದಾರೆ. ಕಲ್ಲು ಸಾವನ್ನು ಹೇಳಿತು, ವಹಿ ಹೆಸರನ್ನು ಹೇಳಿತು. ಹಾಡು ಅಗಲಿದವರಿಲ್ಲದ ಮನೆಯು ಹೇಗಿರುತ್ತದೆ ಎಂಬುದನ್ನು ಹೇಳಿತು. ‘ಕೆರೆಗೆ ಹಾರ’ವೆಂಬ ಕಥನಗೀತವಂತೂ ಕೆರೆಯಲ್ಲಿ ನೀರು ಬರಲೆಂದು ಬಲಿಯಾದ ಕಿರಿಯ ಸೊಸೆ ಭಾಗೀರಥಿಯನ್ನು ಇಂದಿಗೂ ಮರೆಯಗೊಟ್ಟಿಲ್ಲ. ಅವಳು ಚರಿತ್ರೆಯ ವ್ಯಕ್ತಿಯೋ ಅಲ್ಲವೋ, ಕೆರೆಕಟ್ಟೆಗಳ ಕೀರ್ತಿಯ ಕೆಳಗೆ ಯಾರ ಬಾಳು ಹೂತುಹೋಗುತ್ತದೆಯೆಂಬ ಪ್ರಶ್ನೆಯನ್ನು ಆ ಹಾಡು ಜೀವಂತವಾಗಿ ಇರಿಸಿದೆ.

ಈ ಹಾಡಿಗೂ ಒಂದು ಆಧಾರವಿತ್ತು, ಅದು ಕೆಲಸ. ಬೀಸುವ ಕೆಲಸವಿದ್ದಷ್ಟು ದಿನ ಹಾಡು ಇತ್ತು. ಊರಿಗೆ ಹಿಟ್ಟಿನ ಗಿರಣಿ ಬಂದಂತೆ ಹೆಣ್ಣಿನ ರಟ್ಟೆಗೆ ಬಿಡುವು ದೊರೆಯಿತು, ಅದು ಒಳ್ಳೆಯದೇ. ಆದರೆ ಅವಳೊಬ್ಬಳೇ ಕುಳಿತು ತನ್ನವರನ್ನು ನೆನೆಯುವ ಆ ಒಂದು ಗಳಿಗೆಯೂ ಅದರೊಡನೆ ಹೋಯಿತು.

ಹೆಸರಿನ ಮುಂದಿನ ಕಾಯಕ

ಸಾವನ್ನೂ ವಂಶವನ್ನೂ ಬಿಟ್ಟು, ಬಾಳಿದ ಬಗೆಯನ್ನೇ ಹೆಸರಿಗೆ ಜೋಡಿಸಿ ನೆನೆದ ಒಂದು ಪರಂಪರೆಯೂ ಈ ನಾಡಿನಲ್ಲಿದೆ. ಹನ್ನೆರಡನೆಯ ಶತಮಾನದ ಶರಣರ ಹೆಸರುಗಳನ್ನು ಒಮ್ಮೆ ಉಚ್ಚರಿಸಿ ನೋಡಬೇಕು: ನುಲಿಯ ಚಂದಯ್ಯ, ಅಂಬಿಗರ ಚೌಡಯ್ಯ, ಮಡಿವಾಳ ಮಾಚಯ್ಯ, ಆಯ್ದಕ್ಕಿ ಲಕ್ಕಮ್ಮ, ಕದಿರ ರೆಮ್ಮವ್ವೆ, ಕೊಟ್ಟಣದ ಸೋಮವ್ವೆ. ಹುಲ್ಲು ಕೊಯ್ದು ಹಗ್ಗ ಹೊಸೆದವನು, ದೋಣಿ ನಡೆಸಿದವನು, ಬಟ್ಟೆ ಒಗೆದವನು, ಚೆಲ್ಲಿದ ಅಕ್ಕಿಯನ್ನು ಆಯ್ದವಳು, ನೂಲು ತೆಗೆದವಳು, ಭತ್ತ ಕುಟ್ಟಿದವಳು ಇವರು. ಇವರು ಹೇಗೆ ಸತ್ತರೆಂಬುದು ಹೆಚ್ಚಿನವರಿಗೆ ತಿಳಿಯದು. ಏನು ಮಾಡುತ್ತಿದ್ದರೆಂಬುದು ಎಲ್ಲರಿಗೂ ತಿಳಿದಿದೆ. ಭತ್ತ ಕುಟ್ಟಿ ಬದುಕಿದ ಹೆಣ್ಣುಮಗಳೊಬ್ಬಳು ಬೆಂಕಿಯನ್ನು ಹೊಗದೆ, ಕತ್ತಿಯನ್ನು ಹಿಡಿಯದೆ, ತನ್ನ ಒನಕೆಯೊಡನೆಯೇ ಎಂಟುನೂರು ವರುಷ ಜನರ ನೆನಪಿನಲ್ಲಿ ಉಳಿದಿರುವುದು ಸಾಮಾನ್ಯ ಸಂಗತಿಯಲ್ಲ. ಆ ನೆನಪೂ ತಾನಾಗಿ ಉಳಿಯಲಿಲ್ಲ. ಓಲೆಗಳನ್ನು ಪ್ರತಿಮಾಡಿದ ಅನಾಮಿಕ ಕೈಗಳು, ಅವನ್ನು ಅಟ್ಟದ ಮೇಲೆ ಜೋಪಾನ ಮಾಡಿದ ಮನೆಗಳು, ಆ ಮನೆಗಳನ್ನು ಹುಡುಕಿಕೊಂಡು ಹೋಗಿ ವಚನಗಳನ್ನು ಸಂಗ್ರಹಿಸಿ 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಪ್ರಕಟಿಸಿದ ಫ.ಗು. ಹಳಕಟ್ಟಿಯವರಂಥವರ ದುಡಿಮೆ ಅದರ ಹಿಂದಿದೆ.

ಇಂದಿನ ಮರೆವು

ಇಂದು ಹಳ್ಳಿಯಲ್ಲಿ ಹಿರಿಯರೊಬ್ಬರು ತೀರಿಕೊಂಡರೆ ಮರುದಿನವೇ ಬಸ್ ನಿಲ್ದಾಣದ ಬಳಿ ಭಾವಪೂರ್ಣ ಶ್ರದ್ಧಾಂಜಲಿಯ ಬಣ್ಣದ ಫಲಕವೊಂದು ಏಳುತ್ತದೆ. ಭಾವಚಿತ್ರ ದೊಡ್ಡದು, ಕೆಳಗೆ ದುಃಖತಪ್ತರ ಹೆಸರುಗಳ ಉದ್ದನೆಯ ಸಾಲು. ಅಗಲಿದವರು ಏನು ಬೆಳೆದರು, ಯಾವ ಬಾವಿಯನ್ನು ತೋಡಿದರು, ಯಾರಿಗೆ ಹೆರಿಗೆ ಮಾಡಿಸಿದರು, ಯಾವ ಪದ ಹಾಡುತ್ತಿದ್ದರು ಎಂಬುದರ ಒಂದಕ್ಷರವೂ ಅಲ್ಲಿರುವುದಿಲ್ಲ. ಎರಡು ಮಳೆಗೆ ಬಣ್ಣ ಹೋಗಿ, ಮೂರನೆಯ ತಿಂಗಳಿಗೆ ಅದು ಯಾರದೋ ಬಣವೆಯ ಹೊದಿಕೆಯಾಗುತ್ತದೆ. 2020 ಮತ್ತು 2021ರ ಕೊರೊನಾ ಕಾಲದಲ್ಲಿ ತೀರಿಕೊಂಡ ಅನೇಕರಿಗೆ ಆ ಫಲಕವೂ ಇಲ್ಲವಾಯಿತು, ಹೆಗಲು ಕೊಡುವವರೂ ಇಲ್ಲವಾದರು.

ಅತ್ತ ಹಳೆಯ ಸ್ಮಾರಕಗಳ ಪಾಡೂ ಶೋಚನೀಯ. ವೀರಗಲ್ಲುಗಳು ಎಷ್ಟೋ ಕಡೆ ಬಟ್ಟೆ ಒಗೆಯುವ ಕಲ್ಲುಗಳಾಗಿವೆ, ಚರಂಡಿಯ ಮೇಲಿನ ಹಾಸುಗಲ್ಲುಗಳಾಗಿವೆ. ಭಕ್ತಿಯಿಂದಲೇ ಬಳಿದ ಸುಣ್ಣ ಬಣ್ಣಗಳಡಿಯಲ್ಲಿ ಅಕ್ಷರಗಳು ಮುಚ್ಚಿಹೋಗಿವೆ. ಬಿ.ಎಲ್. ರೈಸರು 1886ರಿಂದ ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳನ್ನು ಪ್ರಕಟಿಸತೊಡಗದಿದ್ದರೆ ಇವುಗಳಲ್ಲಿ ಎಷ್ಟೋ ಹೆಸರುಗಳು ಇಂದು ತಿಳಿಯುತ್ತಲೇ ಇರಲಿಲ್ಲ. ಹೆಳವರ ಮಕ್ಕಳು ಶಾಲೆಗೆ ಹೋಗಿ ಬೇರೆ ಉದ್ಯೋಗಗಳನ್ನು ಹಿಡಿಯುತ್ತಿದ್ದಾರೆ. ಅದು ಅವರ ಹಕ್ಕು, ಸಂತೋಷದ ಸಂಗತಿ. ಕೆಲವು ವಹಿಗಳ ಛಾಯಾಪ್ರತಿಗಳನ್ನು ತೆಗೆದು ಗಣಕಯಂತ್ರದಲ್ಲಿ ಉಳಿಸುವ ಯತ್ನಗಳೂ ನಡೆದಿವೆ. ಆದರೆ ವಹಿಯು ಗಣಕವನ್ನು ಸೇರಿದರೂ ಬಾಗಿಲಿಗೆ ಬಂದು ಹೇಳುವ ಕಂಠವು ಅಲ್ಲಿಗೆ ಸೇರದು. ಬಂದ ಹೆಳವನನ್ನು ಮುಂದಕ್ಕೆ ಹೋಗೆಂದು ಗದರಿಸುವ ಮನೆಯು ತನ್ನ ಅಜ್ಜನ ಅಜ್ಜನನ್ನೇ ಹೊಸ್ತಿಲಿನಿಂದ ಹಿಂದಕ್ಕೆ ಕಳುಹಿಸುತ್ತಿದೆಯೆಂಬ ಅರಿವು ಅದಕ್ಕಿರುವುದಿಲ್ಲ.

ಸ್ಮರಣೆಯು ಭಾವನೆಯಿಂದ ಹುಟ್ಟುತ್ತದೆ, ಆದರೆ ಭಾವನೆಯಿಂದಲೇ ಉಳಿಯುವುದಿಲ್ಲ ಎಂಬುದು ಈ ಸುದೀರ್ಘ ಚರಿತ್ರೆಯ ಪಾಠ. ಅದಕ್ಕೆ ಒಂದು ತುಂಡು ಹೊಲ, ಒಂದು ಸೇರು ಕಾಳು, ದಿನದ ಒಂದು ಗಳಿಗೆ ಯಾವುದಾದರೂ ಒಂದು ಸಲ್ಲಬೇಕು. ಇಂದಿನವರು ಸಲ್ಲಿಸಬಹುದಾದುದು ಕಷ್ಟದ್ದೇನೂ ಅಲ್ಲ. ಮನೆಯಲ್ಲಿ ಎಂಬತ್ತು ದಾಟಿದ ಹಿರಿಯರಿದ್ದರೆ ಅವರ ಬಳಿ ಕುಳಿತು ಕೇಳಿ, ಒಂದು ಇನ್ನೂರು ಪುಟದ ನೋಟುಪುಸ್ತಕದಲ್ಲಿ ಬರೆದಿಡಬಹುದು. ಹೆಸರಿನ ಪಕ್ಕದಲ್ಲಿ ಹುಟ್ಟುಸಾವುಗಳ ದಿನಾಂಕ ದೊರೆಯದಿದ್ದರೂ ಚಿಂತೆಯಿಲ್ಲ. ಮಾಡಿದ ಕೆಲಸವನ್ನು ಬರೆಯಬೇಕು. ಅಜ್ಜಿಯ ಹೆಸರನ್ನು, ಅವಳ ತವರೂರನ್ನು, ಅವಳ ತಾಯಿಯ ಹೆಸರನ್ನು ತಪ್ಪದೆ ಬರೆಯಬೇಕು. ಅದು ಯಾವ ಕಲ್ಲಿನಲ್ಲಿಯೂ ಯಾವ ವಹಿಯಲ್ಲಿಯೂ ಇರಲಾರದು. ಊರ ಕಲ್ಲಿಗೆ ಬಣ್ಣ ಬಳಿಯದೆ, ಕದಲಿಸದೆ, ಅಕ್ಷರ ಬಲ್ಲವರಿಗೆ ತೋರಿಸಬೇಕು. ಸುಗ್ಗಿಯ ನಂತರ ಎಂದಾದರೂ ಹೆಳವನು ಬಾಗಿಲಿಗೆ ಬಂದರೆ ಅವನಿಗೆ ಚಾಪೆ ಹಾಸಿ, ಮಕ್ಕಳನ್ನೂ ಕರೆದು ಕೂರಿಸಿಕೊಂಡು, ಅವನು ಹೇಳುವುದನ್ನು ಕೊನೆಯ ಹೆಸರಿನವರೆಗೂ ಕೇಳಬೇಕು.